ಅಜ್ಜಿಯ ಸುಣ್ಣ, ಪಪ್ಪನ ಜೋಳ

ನಮ್ಮ ಮನೆಯ ಅಡುಗೆಮನೆಯ ಹೊಸ್ತಿಲನ್ನು ಗಂಡಸರು ದಾಟುವಂತಿರಲಿಲ್ಲ. ಇದು ನಮ್ಮ ಜನರ ಪದ್ಧತಿಯೇನೂ ಅಲ್ಲ. ಕಾಪು, ಶಿರ್ವದ ಕಡೆಯ ಕ್ರಿಸ್ತುವರ ಮನೆಗಳಲ್ಲಿ ಹಬ್ಬಕ್ಕೆ ಹಂದಿ ಕಡಿದರೆ ಅದರ ಪದಾರ್ಥ ಮಾಡುವವರು ಗಂಡಸರೇ. ಮದುವೆಮನೆಯ ದೊಡ್ಡ ಹಂಡೆಗೆ ಸೌಟು ಹಾಕುವವರೂ ಅವರೇ. ನಮ್ಮಲ್ಲಿ ಮಾತ್ರ ಅಜ್ಜಿಯ ಕಾನೂನು ಬೇರೆ ಇತ್ತು. ಜಗಲಿ, ಅದರ ಹಿಂದೆ ದೇವರ ಪೀಠವಿದ್ದ ಕೋಣೆ, ಆಮೇಲೆ ಒಂದು ಕತ್ತಲ ಓಣಿ, ಓಣಿಯ ಕೊನೆಗೆ ಎರಡು ಮೆಟ್ಟಿಲು ಇಳಿದರೆ ಅಡುಗೆಮನೆ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಬಿದ್ದ ಬೆಳಕು ಹನ್ನೊಂದು ಗಂಟೆಯ ಹೊತ್ತಿಗೆ ಸರಿಯಾಗಿ ಒಲೆಯ ಮೇಲೆ ಬರುತ್ತಿತ್ತು, ಗಂಜಿಯ ಚಟ್ಟಿಯ ಹಬೆ ಅದರಲ್ಲಿ ಏರುವುದು ಕಾಣುತ್ತಿತ್ತು. ಒಲೆಯ ಪಕ್ಕ ಗೋಡೆಗೆ ಒರಗಿ, ಕಾಲು ಚಾಚಿ, ವೀಳ್ಯದ ತಟ್ಟೆ ಹತ್ತಿರವಿಟ್ಟುಕೊಂಡು ಅಜ್ಜಿ ಕೂತಿರುತ್ತಿದ್ದಳು. ತಟ್ಟೆಯಲ್ಲಿ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ. ಕಡಲಿನ ಚಿಪ್ಪು ಸುಟ್ಟು ಮಾಡಿದ ಸುಣ್ಣ ಅದು, ಬೆಣ್ಣೆಯ ಹಾಗೆ ನುಣ್ಣಗಿರುತ್ತಿತ್ತು. ಆ ಡಬ್ಬಿಯನ್ನು ಅಮ್ಮನೂ ಕೇಳದೆ ಮುಟ್ಟುತ್ತಿರಲಿಲ್ಲ.

ಮನೆಯ ಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅಜ್ಜಿಯ ಗದರಿಕೆ ಸ್ವಲ್ಪ ಮೆತ್ತಗಾಗಿ ಕೇಳಬಹುದು. ಓದುವವರು ಖಾರ ಹೆಚ್ಚು ಸೇರಿಸಿಕೊಳ್ಳಬೇಕು.

ಪಪ್ಪ ಹಡಗಿನಲ್ಲಿದ್ದರು. ಹತ್ತು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ಅಜ್ಜಿ “ಹಡಗಿನ ಆಫೀಸಿನಲ್ಲಿ” ಎನ್ನುತ್ತಿದ್ದಳು. ಪಪ್ಪ ಅಡುಗೆಯವರು. ಅಜ್ಜಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು, ಇಗರ್ಜಿಗೆ ಬರುವವರಲ್ಲಿ ಅರ್ಧ ಜನಕ್ಕಾದರೂ ಗೊತ್ತಿತ್ತು. ಬೊಂಬಾಯಿಗೆ ಗುಮಾಸ್ತನಾಗಲು ಹೋದ ಮಗ ಹಡಗಿನ ಒಲೆಯ ಮುಂದೆ ನಿಂತಿದ್ದಾನೆ ಎಂಬುದನ್ನು ಮನೆಯೊಳಗೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಅಷ್ಟೆ. ಅವರ ಎರಡೂ ಮುಂಗೈಗಳಲ್ಲಿ ಸುಟ್ಟ ಗೆರೆಗಳಿದ್ದವು. ಅವು ಬಿಸಿ ಕೊಳವೆಗೆ ತಾಗಿದ್ದು ಎಂದು ಅಜ್ಜಿ ನನಗೆ ಹೇಳಿಕೊಟ್ಟಿದ್ದಳು. ನಾನೂ ಹಾಗೇ ಹೇಳುತ್ತಿದ್ದೆ. ನಾಲ್ಕನೆಯ ಕ್ಲಾಸಿನಲ್ಲಿ ಒಬ್ಬಳು “ನಿನ್ನ ಪಪ್ಪ ಹಡಗಿನಲ್ಲಿ ಕುಜ್ನೇರ್ ಅಂತೆ ಅಲ್ವಾ, ಅಡುಗೆಯವ” ಎಂದಾಗ ಅವಳ ಸ್ಲೇಟು ಒಡೆದುಹಾಕಿ ಬಂದಿದ್ದೆ. ಅದಕ್ಕೆ ಅಮ್ಮ ಹೊಡೆದಳು, ಅಜ್ಜಿ ಬೆಲ್ಲ ಕೊಟ್ಟಳು. ಅಡುಗೆ ಮಾಡುವುದು ನಾಚಿಕೆಯ ಕೆಲಸ ಎಂದು ನಾನು ಕಲಿತದ್ದು ಹೀಗೆ, ಅಡುಗೆಮನೆಯಲ್ಲಿ ಕೂತು, ಬೆಲ್ಲ ಚೀಪುತ್ತ.

ರಜೆಯಲ್ಲಿ ಬಂದ ಪಪ್ಪ ಜಗಲಿಯ ಬೆಂಚಿನಲ್ಲಿ ಕೂತಿರುತ್ತಿದ್ದರು. ಒಳಗಿನಿಂದ ಬರುವ ವಾಸನೆಗೆ ಅವರ ಮೂಗು ಸುಮ್ಮನಿರುತ್ತಿರಲಿಲ್ಲ. “ಸಿಸಿಲಿ, ಕೊತ್ತಂಬರಿ ಹೆಚ್ಚು ಹುರಿದಾಯ್ತು” ಎಂದು ಅಮ್ಮನಿಗೆ ಮೆಲ್ಲನೆ ಹೇಳುತ್ತಿದ್ದರು. ಸಾರಿಗೆ ಉಪ್ಪು ಬಿದ್ದಿಲ್ಲವೆಂಬುದೂ ಅವರಿಗೆ ಅಲ್ಲಿಂದಲೇ ತಿಳಿಯುತ್ತಿತ್ತು. ಒಳಗಿನಿಂದ ಅಜ್ಜಿ ಕೆಮ್ಮುತ್ತಿದ್ದಳು. ಕೆಮ್ಮು ಕೇಳಿದ ಕೂಡಲೇ ಪಪ್ಪ ಪೇಪರು ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಅವರು ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು.

“ಹಡಗಿನಲ್ಲಿ ನಲವತ್ತು ಜನ ದಿನಾ ನನ್ನ ಕೈ ಅಡುಗೆ ಉಣ್ತಾರೆ. ಅದರಲ್ಲಿ ಅರ್ಧ ಜನರ ಭಾಷೆ ಸಹ ನನಗೆ ಬರುವುದಿಲ್ಲ. ಹೆತ್ತ ತಾಯಿ ಒಂದು ತುತ್ತು ಉಣ್ಣಲಿಲ್ಲ.”

“ಅವರ ಮನಸ್ಸಿನಲ್ಲಿ ಎಂತದೋ ಉಂಟು. ಕೇಳಲಿಕ್ಕೆ ನನಗೆ ಧೈರ್ಯ ಇಲ್ಲ” ಎಂದಿದ್ದಳು ಅಮ್ಮ.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ, ಮರಿಯ ಮಾತೆ ಹುಟ್ಟಿದ ದಿನ. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಹೊಸ ಬತ್ತದ ತೆನೆಯನ್ನು ಮನೆಗೆ ತಂದು ಪೀಠದ ಮುಂದೆ ಇಟ್ಟು, ಕಾಳು ಸುಲಿದು, ಕುಟ್ಟಿ, ತೆಂಗಿನ ಹಾಲಿನಲ್ಲಿ ಬೆರೆಸಿ, ಮನೆಯ ಹಿರಿಯರ ಕೈಯಿಂದ ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಆಮೇಲೆ ಬಾಳೆಲೆಯಲ್ಲಿ ಊಟ. ಅವತ್ತು ಮೀನಿಲ್ಲ, ಮಾಂಸವಿಲ್ಲ, ತರಕಾರಿ ಮಾತ್ರ. ದೂರದಲ್ಲಿರುವವರಿಗೆ ಅದೇ ತೆನೆಯ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳಿಸುವುದು ವಾಡಿಕೆ. ಪಪ್ಪನಿಗೆ ಹೋಗುವ ಕಾಳುಗಳನ್ನು ಅಜ್ಜಿ ತಾನೇ ಆರಿಸುತ್ತಿದ್ದಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಕಾಗದ ನಾನು ಬರೆಯುತ್ತಿದ್ದೆ. ಅವಳು ಬರೆಸುತ್ತಿದ್ದದ್ದು ಪ್ರತಿವರ್ಷ ಒಂದೇ: ನಾವೆಲ್ಲ ಸೌಖ್ಯ, ಕಾಳು ತಿನ್ನು, ಪ್ರಾರ್ಥನೆ ಮರೆಯಬೇಡ.

ನನಗೆ ಹತ್ತು ವರ್ಷವಾಗಿದ್ದಾಗಿನ ಮೊಂತಿ ಹಬ್ಬಕ್ಕೆ ನಾಲ್ಕು ದಿನ ಮೊದಲು, ಪಪ್ಪನಿಂದಲೇ ಒಂದು ಲಕೋಟೆ ಬಂತು. ಮೆಕ್ಸಿಕೋ ದೇಶದ ಒಂದು ಬಂದರಿನಿಂದ. ಒಳಗೆ ಪೇಪರಿನಲ್ಲಿ ಸುತ್ತಿದ ಬಿಳಿ ಕಾಳುಗಳು ಒಂದು ಮುಷ್ಟಿಯಷ್ಟು, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. “ಇದು ಇಲ್ಲಿಯವರ ಮುಸುಕಿನ ಜೋಳ. ಬರುವಾಗ ಹೆಚ್ಚು ತರುತ್ತೇನೆ” ಎಂದಿಷ್ಟೇ ಬರೆದಿದ್ದರು. ಅಜ್ಜಿಗೆ ಸಂಶಯವೇ ಬರಲಿಲ್ಲ. ನಾವು ಇಲ್ಲಿಂದ ಆಶೀರ್ವಾದದ ಬತ್ತ ಕಳಿಸುವ ಹಾಗೆ, ಮಗ ಅಲ್ಲಿಯ ಇಗರ್ಜಿಯ ಆಶೀರ್ವಾದದ ಹೊಸ ಕಾಳು ಕಳಿಸಿದ್ದಾನೆ! ನಾಲ್ಕು ದಿನ ಆ ಕಾಳುಗಳು ಪೀಠದಲ್ಲಿ ಮಾತೆಯ ಪ್ರತಿಮೆಯ ಪಾದದ ಹತ್ತಿರ ಕೂತವು. ಹಬ್ಬದ ದಿನ ಅವನ್ನು ಬತ್ತದ ಜೊತೆ ಒರಳಿಗೆ ಹಾಕಿ ಅಮ್ಮ ಕುಟ್ಟಿದಳು. ಕಲ್ಲು ಕುಟ್ಟಿದ ಹಾಗೆ ಸದ್ದು. ಬೆವರಿಳಿದರೂ ಅವು ನುರಿಯಲಿಲ್ಲ. ಹಾಗೇ ಹಾಲಿಗೆ ಸೇರಿಸಿ ಕುಡಿದೆವು. ನನ್ನ ಹಲ್ಲಿನ ಸಂದಿನಲ್ಲಿ ಒಂದು ಚೂರು ಎರಡು ದಿನ ಕೂತಿತ್ತು. ಅಜ್ಜಿ ಕಣ್ಣು ಮುಚ್ಚಿ ತನ್ನ ಪಾಲನ್ನು ಪೂರ್ತಿ ಕುಡಿದು, “ನನ್ನ ಮಗ ಕಳಿಸಿದ್ದು” ಎಂದಳು. ಇದ್ದ ನಾಲ್ಕು ಹಲ್ಲಿನಲ್ಲಿ ಅದನ್ನು ಅಗಿದಳು.

ಜನವರಿಯಲ್ಲಿ ಪಪ್ಪ ಬಂದರು. ಟ್ರಂಕಿನಲ್ಲಿ ಒಂದು ಬಟ್ಟೆಯ ಚೀಲದ ತುಂಬ ಅದೇ ಜೋಳವಿತ್ತು. ಹಬ್ಬದ ದಿನದ ಕತೆಯನ್ನು ನಾನು ಹೇಳಿದಾಗ ಮೊದಲು ನಕ್ಕರು, ಆಮೇಲೆ ನಗು ನಿಂತಿತು.

“ಮಾಯ್ ತಿಂದಳಾ?” ತಾಯಿಯನ್ನು ಅವರು ಕರೆಯುತ್ತಿದ್ದದ್ದು ಹಾಗೆ.

“ಪೂರ್ತಿ” ಎಂದೆ.

ಅವರು ಬಹಳ ಹೊತ್ತು ಚೀಲದ ಬಾಯಿ ಕಟ್ಟುವುದು ಬಿಚ್ಚುವುದು ಮಾಡುತ್ತಿದ್ದರು. ಆಮೇಲೆ ಅಮ್ಮನಿಗೂ ನನಗೂ ಹೇಳಿದರು. ಅದು ಇಗರ್ಜಿಯದ್ದಲ್ಲ, ಕೋಳಿಯ ಜೊತೆ ಬೇಯಿಸುವ ಸಾರಿನ ಜೋಳ. ಅಲ್ಲಿಯವರು ಅದಕ್ಕೆ ಪೊಸೋಲೆ ಎನ್ನುತ್ತಾರೆ. ಹಡಗುಕಟ್ಟೆಯ ಹೊರಗೆ ಒಬ್ಬ ಮುದುಕಿ ದೊಡ್ಡ ಪಾತ್ರೆ ಇಟ್ಟುಕೊಂಡು ಅದನ್ನು ಮಾರುತ್ತಿದ್ದಳಂತೆ. ಅವಳು ಕೈಸನ್ನೆಯಲ್ಲಿ, ನಿನ್ನ ಕೆಲಸ ಯಾವುದು ಎಂದು ಕೇಳಿದಾಗ ಪಪ್ಪ ಸೌಟು ತಿರುಗಿಸುವ ಹಾಗೆ ಕೈ ಮಾಡಿ ತೋರಿಸಿದರಂತೆ. ಅವಳು ಸರಿದು ಕೂತು ತನ್ನ ಸೌಟನ್ನೇ ಅವರ ಕೈಗೆ ಕೊಟ್ಟಳಂತೆ. ಹಡಗು ಅಲ್ಲಿದ್ದ ಒಂಬತ್ತು ದಿನವೂ ಪಪ್ಪ ಬಿಡುವಿನಲ್ಲಿ ಹೋಗಿ ಕಲಿತರು. ಇದನ್ನು ಹೇಳುವಾಗ ಅವರ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಅಡುಗೆಮನೆಗೆ ನಾನು ಬರುವುದಿಲ್ಲ. ಹೊರಗೆ ಬತ್ತ ಬೇಯಿಸುವ ಒಲೆ ಉಂಟಲ್ಲ, ಅದರಲ್ಲಿ ಮಾಡ್ತೇನೆ. ಅದಕ್ಕೆ ಹೊಸ್ತಿಲು ಇಲ್ಲ” ಎಂದರು.

ಒಂದು ಶುಕ್ರವಾರ ಸಂಜೆ ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಆ ಒಲೆಗೆ ತೆಂಗಿನ ಮಡಲು, ಕೊತ್ತಳಿಗೆ ತುರುಕಿ ಬೆಂಕಿ ಹಾಕಿದರು. ಜೋಳದ ಸಿಪ್ಪೆ ಬಿಡಬೇಕಾದರೆ ಸುಣ್ಣದ ನೀರಿನಲ್ಲಿ ಕುದಿಸಬೇಕು. ಗೋಡೆಗೆ ಬಳಿಯುವ ಸುಣ್ಣ ಮನೆಯಲ್ಲಿತ್ತು, ಆದರೆ ಅಮ್ಮ ಅದಕ್ಕೆ ನೀಲಿ ಬೆರೆಸಿ ಇಟ್ಟಿದ್ದಳು. ತಿನ್ನುವ ಸುಣ್ಣ ಇದ್ದದ್ದು ಒಂದೇ ಕಡೆ. ಪಪ್ಪ ಓಣಿ ದಾಟಿ ಬಂದು, ಮೆಟ್ಟಿಲಿಗಿಂತ ಈಚೆಯೇ ನಿಂತು, ತಾಯಿಯ ಹತ್ತಿರ ಸುಣ್ಣ ಕೇಳಿದರು. ಅಜ್ಜಿ ಎಂತಕ್ಕೆ ಎಂದು ಕೇಳಲಿಲ್ಲ. ಹೊಗೆಯ ವಾಸನೆ ಅವಳಿಗೂ ಬಂದಿತ್ತು. ಮುಖ ಒಲೆಯ ಕಡೆಗೇ ಇಟ್ಟು, ಹಿತ್ತಾಳೆಯ ಡಬ್ಬಿಯನ್ನು ನೆಲದ ಮೇಲೆ ಹಿಂದಕ್ಕೆ ತಳ್ಳಿದಳು. ಅದನ್ನು ಎತ್ತಿ ಪಪ್ಪನ ಕೈಗೆ ಕೊಟ್ಟವಳು ನಾನು.

ಹತ್ತು ನಿಮಿಷ ಕಳೆದಿರಬೇಕು, ಅಜ್ಜಿ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಹಂಡೆಗೆ ಬಗ್ಗಿ ನೋಡಿದಳು.

“ಎಷ್ಟು ಹಾಕಿದೆ?”

“ಅರ್ಧ ಡಬ್ಬಿ.”

“ಇದು ಚಿಪ್ಪಿನ ಸುಣ್ಣ ಮಾರಾಯ. ಬಾಯಿ ಹೊತ್ತಿಹೋಗ್ತದೆ. ನೀರು ಹಾಕು, ಇನ್ನೂ ಹಾಕು.”

ಪಪ್ಪ ನೀರು ಹಾಕಿದರು. ಬಿಳಿ ಜೋಳ ನಿಧಾನವಾಗಿ ಅರಸಿನ ಸವರಿದ ಹಾಗೆ ಹಳದಿಯಾಯಿತು. ಅಜ್ಜಿ ಅಷ್ಟು ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಜೋಳ ತೊಳೆದೆವು. ಉಜ್ಜಿದರೆ ಸಿಪ್ಪೆ ಜಾರುತ್ತಿತ್ತು. ಏಳು ನೀರು, ಎಂಟು ನೀರು, ಕಾಳು ಮತ್ತೆ ಬೆಳ್ಳಗಾಯಿತು. ಇನ್ನು ಪ್ರತಿ ಕಾಳಿನ ಬುಡದ ಗಟ್ಟಿ ತುದಿಯನ್ನು ಉಗುರಿನಿಂದ ಚಿವುಟಿ ತೆಗೆಯಬೇಕು. ತೆಗೆದರೆ ಮಾತ್ರ ಬೆಂದಾಗ ಕಾಳು ಹೂವಿನ ಹಾಗೆ ಅರಳುವುದು. ಗೆರಸೆಯ ತುಂಬ ಕಾಳು ಹರಡಿಕೊಂಡು ಅಮ್ಮ, ಪಪ್ಪ, ನಾನು ಜಗಲಿಯಲ್ಲಿ ಕೂತೆವು. ನಾನು ಆತುರದಲ್ಲಿ ಅರ್ಧ ಕಾಳನ್ನೇ ಮುರಿಯುತ್ತಿದ್ದೆ. ಓಣಿಯಲ್ಲಿ ನಿಂತು ನೋಡುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. ಕಾಳು ಹಾಳಾಗುವುದನ್ನು ಅವಳು ಜನ್ಮದಲ್ಲಿ ಸಹಿಸಿದವಳಲ್ಲ. “ಸರಿ ಆಚೆ, ಹಂದಿಗೆ ಹಾಕಿದ ಹಾಗೆ ಮಾಡಿಟ್ಟಿದ್ದೀ” ಎಂದು ನನ್ನನ್ನು ದೂಡಿ ಗೆರಸೆಯ ಮುಂದೆ ಕೂತಳು. ಪಪ್ಪನ ಎದುರಿಗೆ. ಇಬ್ಬರ ಕೈಗಳೂ ಒಂದೇ ಗೆರಸೆಯಲ್ಲಿ. ಆಗ ನೋಡಿದೆ, ಹೆಬ್ಬೆರಳನ್ನು ಸ್ವಲ್ಪ ಹೊರಗೆ ಬಾಗಿಸಿ ಚಿವುಟುವ ರೀತಿ ಇಬ್ಬರದ್ದೂ ಒಂದೇ. ಒಂದು ಗಂಟೆಯಲ್ಲಿ ಗೆರಸೆಯ ಕಾಳೆಲ್ಲ ಮುಗಿಯಿತು. ಈ ಮನೆಯಲ್ಲಿ ಇನ್ನು ಎಲ್ಲ ಸರಿಹೋಯಿತು ಎಂದು ನಾನು ನಂಬಿಬಿಟ್ಟೆ.

ಊರಿನ ಕೋಳಿಯೊಂದನ್ನು ಪಪ್ಪನೇ ಕೊಯ್ದು, ಎಲುಬು ಸಮೇತ ಜೋಳದ ಜೊತೆ ಬೇಯಲು ಬಿಟ್ಟರು. ಕೆಂಪು ಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ, ಬೀಜ ತೆಗೆದು, ಬೆಳ್ಳುಳ್ಳಿಯ ಜೊತೆ ಅಮ್ಮ ಅರೆದುಕೊಟ್ಟಳು. ತೆಂಗಿನಕಾಯಿ ಬೇಡವೆಂದಾಗ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಆ ದೇಶದಲ್ಲಿ ಮೇಲಿನಿಂದ ಹಾಕುವ ಒಂದು ಒಣಸೊಪ್ಪು ಇದೆಯಂತೆ. ಅದನ್ನು ತರಲು ಮರೆತುಹೋಗಿತ್ತು. ಪಪ್ಪ ಹಿತ್ತಿಲಿಗೆ ಹೋಗಿ ಹಲವು ಎಲೆಗಳನ್ನು ಹೊಸಕಿ ಮೂಸಿ, ಕೊನೆಗೆ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು ತಂದು, “ಇದು ಅದರ ತಂಗಿ” ಎಂದರು. ಮೂರು ಗಂಟೆಯ ಹೊತ್ತಿಗೆ ಮುಚ್ಚಳ ತೆಗೆದರೆ ಕೆಂಪು ಸಾರಿನಲ್ಲಿ ಕಾಳುಗಳೆಲ್ಲ ಬಾಯಿ ಬಿಚ್ಚಿ ಅರಳಿದ್ದವು. ಸಣ್ಣಗೆ ಹೆಚ್ಚಿದ ಕೋಸು, ಮೂಲಂಗಿ, ನೀರುಳ್ಳಿ ಉದುರಿಸಿ, ಲಿಂಬೆ ಹಿಂಡಿ, ಮೊದಲ ಬೋಗುಣಿಯನ್ನು ಪಪ್ಪ ಎರಡೂ ಕೈಯಲ್ಲಿ ಹಿಡಿದು ತಂದು ಅಜ್ಜಿಯ ಮುಂದೆ ಇಟ್ಟರು. ಅವಳು ಜಗಲಿಯ ಬೆಂಚಿನಲ್ಲಿ, ಅವರು ದಿನಾ ಕೂರುವ ಜಾಗದಲ್ಲಿ ಕೂತಿದ್ದಳು.

“ಮಾಯ್, ಒಂದು ಸೌಟು. ಹೆಚ್ಚು ಬೇಡ.”

ಅಜ್ಜಿ ಬೋಗುಣಿಯನ್ನು ನೋಡಿದಳು.

“ನನಗೆ ಹರಕೆ ಉಂಟು. ಶನಿವಾರ ಮಾಂಸ ಮುಟ್ಟುವುದಿಲ್ಲ” ಎಂದು ಎದ್ದು ಒಳಗೆ ಹೋದಳು.

ಹಿಂದಿನ ಶನಿವಾರ ಅವಳು ಕೋಳಿ ಪದಾರ್ಥದ ಕಾಲನ್ನು ಕೇಳಿ ಹಾಕಿಸಿಕೊಂಡದ್ದು ನಮಗೆಲ್ಲ ನೆನಪಿತ್ತು. ಪಪ್ಪ ಆ ಬೋಗುಣಿಯನ್ನು ಮತ್ತೆ ಹಂಡೆಗೆ ಸುರಿದರು. ನಾವು ಮೂವರೂ ಉಂಡೆವು. ಅಷ್ಟು ರುಚಿಯಾದದ್ದನ್ನು ನಾನು ಅಷ್ಟು ದುಃಖದಲ್ಲಿ ಮತ್ತೆಂದೂ ತಿಂದಿಲ್ಲ. ಅವತ್ತು ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ವರ್ಷಗಟ್ಟಲೆ ಇಳಿಯಲಿಲ್ಲ. ಒಡೆದ ಸ್ಲೇಟಿನ ನೆನಪಾಗಿ ನನ್ನ ಮೇಲೂ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಅಮ್ಮ ಉಳಿದ ಸಾರನ್ನು ಚಟ್ಟಿಗೆ ಹಾಕಿ ಒಮ್ಮೆ ಕುದಿಸಿ, ಅಡುಗೆಮನೆಯಲ್ಲಿ ಒಲೆಯ ದಂಡೆಯ ಮೇಲೆ ಮುಚ್ಚಿಟ್ಟಳು. ಇಗರ್ಜಿಗೆ ಹೊರಟಾಗ ಅಜ್ಜಿ, ಮೊಣಕಾಲು ನೋವು, ತಾನು ಬರುವುದಿಲ್ಲ ಎಂದಳು. ಜ್ವರವಿದ್ದರೂ ಭಾನುವಾರದ ಪೂಜೆ ತಪ್ಪಿಸದವಳು. ಮಗನ ಮೇಲಿನ ಕೋಪ ದೇವರವರೆಗೂ ಹೋಯಿತು ಎಂದುಕೊಂಡೆ ನಾನು. ವಾಪಸು ಬಂದ ಮೇಲೆ ಅಮ್ಮ ಚಟ್ಟಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಅಕ್ಕಿ ತೊಳೆಯಲು ಕೂತಳು. ಮೂರು ವಾರದ ನಂತರ ಪಪ್ಪ ಹಡಗಿಗೆ ಹೋದರು. ಅವರು ಮತ್ತೆ ರಜೆಯಲ್ಲಿ ಬಂದಾಗಲೆಲ್ಲ ಬೆಂಚಿನಲ್ಲಿ ಕೂತರು, ಜೋಳ ತರಲಿಲ್ಲ.

ನನಗೆ ಹದಿನೈದಾದಾಗ ಅಜ್ಜಿ ಹಾಸಿಗೆ ಹಿಡಿದಳು. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬಂದೆವು. ವಯಸ್ಸಾಯಿತು, ಮನೆಯಲ್ಲೇ ನೋಡಿಕೊಳ್ಳಿ ಎಂದರು ಡಾಕ್ಟರು. ಅವಳು ಹಠ ಮಾಡಿ ಅಡುಗೆಮನೆಯಲ್ಲೇ ಚಾಪೆ ಹಾಸಿಸಿಕೊಂಡಳು. ಆ ವರ್ಷದ ಮೊಂತಿ ಹಬ್ಬದ ಮರುದಿನ, ಬೆಳಕು ಒಲೆಯ ಮೇಲೆ ಬಿದ್ದಿದ್ದ ಹೊತ್ತಿನಲ್ಲಿ, ಪಪ್ಪನಿಗೆ ಕಳಿಸುವ ಬತ್ತದ ಕಾಳುಗಳನ್ನು ಆರಿಸಿಟ್ಟು, ಕಾಗದ ಬರೆ ಎಂದಳು. ಸೌಖ್ಯ, ಕಾಳು ತಿನ್ನು, ಪ್ರಾರ್ಥನೆ ಎಂದು ನಾನು ಕೇಳದೆಯೇ ಬರೆದು ಮುಗಿಸಿದೆ. ಅವಳು ಇನ್ನೂ ಉಂಟು ಎಂದಳು. ಆದರೆ ಬರೆಸಲಿಲ್ಲ, ಅಜ್ಜನ ಕತೆ ಹೇಳಿದಳು. ನಾನು ನೋಡದ ಅಜ್ಜ, ಘಟ್ಟದ ಮೇಲೆ ಒಂದು ಕಾಫಿ ತೋಟದ ಬಂಗಲೆಯಲ್ಲಿ ಅಡುಗೆಯವನಾಗಿದ್ದ.

“ದೊರೆಗಳಿಗೆ ನೆಂಟರು ಬಂದಿದ್ರು. ದೊರೆಗಳು ಸಾರು ಬಾಯಿಗೆ ಇಟ್ಟು, ಉಪ್ಪು ಹೆಚ್ಚಾಯ್ತು ಅಂತ ಬಿಸಿ ಬಿಸಿ ತಟ್ಟೆಯನ್ನು ಅವನ ಎದೆಗೆ ಎಸೆದ್ರು. ನಿನ್ನ ಪಪ್ಪನಿಗೆ ಆರು ವರ್ಷ. ನನ್ನ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದ. ನಿನ್ನ ಅಜ್ಜ ಎಂತ ಮಾಡಿದ ಗೊತ್ತುಂಟಾ? ಚೂರು ಹೆಕ್ಕಿದ. ಅಂಗಿ ಬದಲಿಸಿದ. ಇನ್ನೊಂದು ಸಾರು ಮಾಡಿ ಬಡಿಸಿದ. ಎಸೆದದ್ದನ್ನಾದರೂ ಸಹಿಸಬಹುದು ಲೀನಾ. ಆ ಇನ್ನೊಂದು ಸಾರನ್ನು ನನಗೆ ಸಹಿಸಲಿಕ್ಕೆ ಆಗಲಿಲ್ಲ. ಅದೇ ವಾರ ಮಗನನ್ನು ಎತ್ತಿಕೊಂಡು ಘಟ್ಟ ಇಳಿದೆ. ಇವನು ಒಲೆಯ ಹತ್ತಿರ ಹೋಗಬಾರದು ಅಂತ.”

ಆಮೇಲೆ ಕೈ ಎತ್ತಿ ಒಲೆಯ ದಂಡೆಯ ಎಡಮೂಲೆ ತೋರಿಸಿದಳು.

“ಜೋಳದ ಸಾರು ಮಾಡಿದ ಮರುದಿನ ನೀವೆಲ್ಲ ಪೂಜೆಗೆ ಹೋದಿರಿ ಅಲ್ವಾ. ಅಲ್ಲಿ ನಿಂತು ತಿಂದೆ. ಚಟ್ಟಿಯಿಂದಲೇ, ಸೌಟಿನಲ್ಲಿ, ತಳ ಕಾಣುವವರೆಗೆ. ನಿನ್ನ ಅಜ್ಜನೂ ಹಾಗೇ ತಿನ್ನುತ್ತಿದ್ದದ್ದು, ಎಲ್ಲರದ್ದೂ ಮುಗಿದ ಮೇಲೆ, ನಿಂತುಕೊಂಡು.”

ಐದು ವರ್ಷ ಹೊತ್ತುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ನನಗೆ ತಿಳಿಯಲಿಲ್ಲ.

“ಬರೆ. ಉಪ್ಪು ಸರಿ ಇತ್ತು.”

“ಅಷ್ಟೇ ಬರೆದರೆ ಪಪ್ಪನಿಗೆ ಎಂತ ಅರ್ಥ ಆಗ್ತದೆ ಅಜ್ಜಿ?”

“ಅವನು ಅಡುಗೆಯವ. ಅವನಿಗೆ ಅರ್ಥ ಆಗ್ತದೆ.”

ಆ ಶಬ್ದವನ್ನು ಅವಳ ಬಾಯಲ್ಲಿ ನಾನು ಮಗನ ಬಗ್ಗೆ ಕೇಳಿದ್ದು ಅದೊಂದೇ ಸಲ. ಮುಂದೆ ನಾನು ಇದೇ ಕೆಲಸ ಹಿಡಿದೆ. ಕಾರ್ಕಳದಿಂದ ಕಾಪುವಿನವರೆಗೆ ಎಷ್ಟೋ ಮದುವೆಗಳ ಹಂಡೆಗೆ ಸೌಟು ಹಾಕಿದ್ದೇನೆ. ಕೆಲಸ ಯಾವುದು ಎಂದು ಕೇಳಿದವರಿಗೆ ಅಡುಗೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅದನ್ನು ಹೇಳುವಾಗ ನನಗೆ ಕೇಳಿಸುವುದು ಚಾಪೆಯಲ್ಲಿ ಮಲಗಿದ್ದ ಆ ಮುದುಕಿಯ ದನಿ.

ಅಕ್ಟೋಬರಿನಲ್ಲಿ ಅಜ್ಜಿ ತೀರಿಕೊಂಡಳು. ಹಡಗಿನವರಿಗೆ ಮಣ್ಣಿಗೆ ಬರಲು ಆಗುವುದಿಲ್ಲ. ಪಪ್ಪ ಬಂದದ್ದು ನವೆಂಬರಿನ ಕೊನೆಗೆ. ಟ್ರಂಕು ಜಗಲಿಯಲ್ಲಿ ಇಳಿಸಿ, ಕಾಲು ತೊಳೆದು, ಪೀಠದ ಮುಂದೆ ಶಿಲುಬೆಯ ಗುರುತು ಮಾಡಿ, ಓಣಿ ದಾಟಿ, ಮೆಟ್ಟಿಲ ಹತ್ತಿರ ಎಂದಿನ ಹಾಗೆ ನಿಂತರು. ಅಂಗಿಯ ಕಿಸೆಯಲ್ಲಿ ನನ್ನ ಅಕ್ಷರದ ಕಾಗದವಿತ್ತು, ಮಡಿಕೆಗಳಲ್ಲಿ ಹರಿದಿತ್ತು. ಅಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

“ಒಳಗೆ ಬನ್ನಿ.”

ಪಪ್ಪ ಎರಡು ಮೆಟ್ಟಿಲು ಇಳಿದರು. ಮಾಡು ತಗ್ಗು, ತಲೆ ಬಗ್ಗಿಸಬೇಕಾಯಿತು. ಖಾಲಿ ಗೋಡೆಯನ್ನೂ ವೀಳ್ಯದ ತಟ್ಟೆಯನ್ನೂ ನೋಡಿದರು. ಆಮೇಲೆ ನನ್ನನ್ನು ಕೇಳಿದರು.

“ತಿಂದಳಾ?”

“ಪೂರ್ತಿ” ಎಂದೆ. ಒಲೆಯ ದಂಡೆಯ ಎಡಮೂಲೆ ತೋರಿಸಿದೆ. “ಅಲ್ಲಿ ನಿಂತು.”

ಅವರು ಹೋಗಿ ಅಲ್ಲಿ ನಿಂತರು. ಅಮ್ಮ ಏನೂ ಕೇಳದೆ ಒಂದು ಬೋಗುಣಿಗೆ ಗಂಜಿ ಬಡಿಸಿ ಕೈಗೆ ಕೊಟ್ಟಳು. ನಮಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ನಿಂತುಕೊಂಡೇ ಅವರು ಅದನ್ನು ಕೊನೆಯ ಗುಟುಕಿನವರೆಗೆ ಕುಡಿದು, ಬೋಗುಣಿಯನ್ನು ತಾವೇ ತೊಳೆದಿಟ್ಟರು. ಆಮೇಲೆ ನಾನು ಉಣ್ಣಲು ಕೂತಾಗ ತಿಳಿಯಿತು, ಅವತ್ತು ಅಮ್ಮ ಗಂಜಿಗೆ ಉಪ್ಪು ಹಾಕಲು ಮರೆತಿದ್ದಳು. ಪಪ್ಪ ಹೇಳಿರಲಿಲ್ಲ.